ಬಿರಡೆ ಎಳೆದವನ ಮುಖ

ಮೂಗುಮಾವನ ಮೂಗು ಸತ್ತು ಎಂಟು ತಿಂಗಳಾಗಿತ್ತು. ಚಳಿಗಾಲದ ಒಂದು ಜ್ವರ ಬಿಟ್ಟುಹೋಗುವಾಗ ವಾಸನೆಯನ್ನೂ ಕೈಹಿಡಿದು ಕರೆದೊಯ್ದಿತ್ತು. ವಿಸ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷದಿಂದ ಮೂಸುವುದೇ ಅವನ ಉದ್ಯೋಗ. ಸುದ್ದಿ ಹೊರಬಿದ್ದರೆ ಮೂಗುಮಾವ ಬರೀ ಮಾವ.

ಹತ್ತು ವರ್ಷ ಮಾಗಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು, ಮೊದಲು ಪೋರ್ಟ್ ವೈನ್ ತುಂಬಿಟ್ಟು ಒಳಗೆಲ್ಲ ಕೆಂಪಾದ ಪೀಪಾಯಿಗಳಿಗೆ ಕೊನೆಯ ಆರು ತಿಂಗಳು ಬಗ್ಗಿಸಿಡುತ್ತಿದ್ದರು. ಯಾವುದು ಹದಕ್ಕೆ ಬಂತು, ಯಾವುದು ಕೆಟ್ಟಿತು ಅಂತ ಹೇಳಬೇಕಾದವನು ಮಾವ. ಪೀಪಾಯಿಯ ಬಿರಡೆ ಎಳೆಯುವವನು ಅವನ ಸ್ವಂತ ಅಳಿಯ. ಮೊದಲ ಘಮ ಬಡಿಯುವುದು ಎಳೆದವನ ಮುಖಕ್ಕೆ ತಾನೆ? ಮಾವ ಆ ಮುಖವನ್ನೇ ಓದಲು ಕಲಿತಿದ್ದ. ಅಳಿಯನ ಹುಬ್ಬು ಅರಳಿದರೆ "ಒಣದ್ರಾಕ್ಷಿ! ಜೇನು! ಹಳೇ ಚರ್ಮದ ಕುರ್ಚಿ!" ಮುಖ ಕಿವುಚಿದರೆ "ಥೂ, ಚೆಲ್ಲು."

ಇದೇ ಅಳಿಯನನ್ನು ಅವನು ಮದುವೆಯ ದಿನದಿಂದ ಕರೆಯುತ್ತಿದ್ದದ್ದು, ನಾಲ್ಕು ಜನರೆದುರು, "ಏ ಮರದ ತುಂಡೇ" ಅಂತ.

ಭಟ್ಟಿಯ ಒಡತಿ ಬಂದ ದಿನ ಹದಿನೇಳನೇ ಪೀಪಾಯಿಯ ಸರದಿ. ಅಳಿಯ ಬಿರಡೆ ಎಳೆದ. ಹುಬ್ಬು ಅರಳಿತು, ಕಣ್ಣು ಅರೆಮುಚ್ಚಿತು, ತುಟಿಯಲ್ಲಿ ನಗು.

ಮಾವ ಲೋಟಕ್ಕೆ ಒಂದು ಗುಟುಕು ಎಳೆದು, ಮೂಗು ತೂರಿಸಿ, ತಲೆದೂಗಿದ. "ಆಹಾ ಅಮ್ಮಾ! ಒಣದ್ರಾಕ್ಷಿ, ಜೇನು... ಇಂಥದ್ದು ಹತ್ತು ವರ್ಷಕ್ಕೊಂದು."

ಒಡತಿ ಲೋಟ ಇಸಿದುಕೊಂಡು ಮೂಸಿದಳು. ಮುಖ ಹಿಂದಕ್ಕೆ ಹಾರಿತು. "ಇದು ವಿನೆಗರ್ ನಾರ್ತಿದೆ ಕಣ್ರೀ!"

ಮಾವ ಅಳಿಯನತ್ತ ನೋಡಿದ. ಅಳಿಯನ ನಗು ಹಾಗೇ ಇತ್ತು.

"ಹೋದ ತಿಂಗಳು ಹಾಲು ಸೀದು ಮನೆಯೆಲ್ಲ ಗಬ್ಬು ನಾರ್ತಿತ್ತು, ಮಾವ. ನೀವು ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಇದ್ರಿ."

"ಹಾಗಾದ್ರೆ ಇಷ್ಟು ದಿನ ಮೂಸಿದ್ದು ಯಾರು?" ಅಂದಳು ಒಡತಿ.

ಅಳಿಯ ಮೂಗು ಮೇಲೆತ್ತಿ, ಮಾವನ ಗೊಗ್ಗರು ದನಿಯನ್ನೇ ಎಳೆದ: "ಒಣಣಣದ್ರಾಕ್ಷಿ! ಹಳೇ ಚರ್ರ್ಮದ ಕುರ್ಚಿ!"

ಒಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಮಾವನ ಕೈಗೆ ಹೋಗಬೇಕಿದ್ದ ಮುಂದಿನ ಲೋಟವನ್ನು ಅಳಿಯನಿಗೆ ಕೊಟ್ಟಳು.

ಅಳಿಯ ಬಿರಡೆ ಸಡಿಲಿಸುವ ತನ್ನ ಮರದ ಸುತ್ತಿಗೆಯನ್ನು ಮಾವನ ಕೈಯಲ್ಲಿಟ್ಟ. "ಹದಿನೆಂಟನೇದು ತೆಗೀರಿ, ಮರದ ತುಂಡೇ."

ಮಾವ ಬಗ್ಗಿ ಬಡಿದು ಬಿರಡೆ ಎಳೆದ. ಘಮವೋ ಗಬ್ಬೋ, ಏನೋ ಒಂದು ಮುಖಕ್ಕೆ ರಾಚಿತು. ಎಂಟು ತಿಂಗಳ ಅಭ್ಯಾಸ. ತಟ್ಟನೆ ತಲೆಯೆತ್ತಿ ಅಳಿಯನ ಮುಖ ಹುಡುಕಿದ.

ಅಳಿಯ ಬೆನ್ನು ತಿರುಗಿಸಿ ನಿಂತಿದ್ದ.