ಎಲ್ಲರೂ ಅನ್ಸಾರರಾದ ಊರು

ಪರಮ ದಯಾಮಯನೂ ಕರುಣಾನಿಧಿಯೂ ಆದ ಅಲ್ಲಾಹನ ನಾಮದಿಂದ. ಹರಿದ ಮನಸ್ಸುಗಳನ್ನು ಹೊಲಿಯುವವನು ಅವನೇ. ಆ ಸೂಜಿಯನ್ನು ಈವರೆಗೆ ಯಾವ ಕಮಿಟಿಯ ಕೈಗೂ ಕೊಟ್ಟವನಲ್ಲ.

ವಿಜಯಪುರದ ಖಾಲಿದಾ ಅಮೆರಿಕದ ರೆಡ್‌ವುಡ್ ಸಿಟಿಗೆ ಬಂದು ಐದು ತಿಂಗಳಾಗಿತ್ತು. ಗರ್ಭಕ್ಕೆ ಒಂಬತ್ತು ತುಂಬಿತ್ತು. ಗಂಡ ಜೈದ್ ವೀಸಾ ಮುದ್ರೆಗೆಂದು ಊರಿಗೆ ಹೋದವನು ಅಲ್ಲೇ ಸಿಕ್ಕಿಬಿದ್ದಿದ್ದ. ನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ದು ಪಕ್ಕದಲ್ಲಿ ಕೂರಲು ಒಬ್ಬ ಹೆಂಗಸು ಬೇಕಿತ್ತು. ಅವಳ ಬೇಡಿಕೆ ಅಷ್ಟೇ.

ಆಗಲೇ ಪಕ್ಕದ ಊರು ಕ್ಯಾಂಪ್‌ಬೆಲ್‌ನ ನಮಾಜು ಹಾಲಿನಲ್ಲಿ ಕನ್ನಡ ಮುಸ್ಲಿಮರ ಐಕ್ಯತಾ ಕಮಿಟಿಯ ಅಧ್ಯಕ್ಷ ಶಾರೀಕ್ ಸಾಹೇಬರು ‘ಸಹೋದರತ್ವ ಯೋಜನೆ’ ಘೋಷಿಸಿದರು. ಮಕ್ಕಾದಿಂದ ಬರಿಗೈಯಲ್ಲಿ ಬಂದ ಮುಹಾಜಿರರನ್ನು ಪ್ರವಾದಿವರ್ಯರು (ಸ) ಮದೀನಾದ ಅನ್ಸಾರರೊಂದಿಗೆ ಒಬ್ಬರಿಗೊಬ್ಬರಂತೆ ಜೋಡಿಸಿ ಒಡಹುಟ್ಟಿದವರನ್ನಾಗಿಸಿದ್ದರು. ಅದಕ್ಕೆ ಫಾರಂ ಬೇಕಾಗಿರಲಿಲ್ಲ. ಶಾರೀಕರಿಗೆ ಮೂವತ್ತೆರಡು ಪ್ರಶ್ನೆಗಳ ಫಾರಂ ಬೇಕಾಯಿತು. ಕೊನೆಯ ಪ್ರಶ್ನೆ: ನೀವು ನೆರವು ಕೊಡುವ ಅನ್ಸಾರರೋ, ನೆರವು ಬೇಕಾದ ಮುಹಾಜಿರರೋ?

ಅರವತ್ತೊಂದು ಮನೆಗಳು ಭರ್ತಿ ಮಾಡಿದವು. ಅರವತ್ತು ಮನೆ ಅನ್ಸಾರರು! ಕಳೆದ ತಿಂಗಳು ಕೆಲಸ ಕಳೆದುಕೊಂಡವರೂ ಅನ್ಸಾರರು, ಊರಿನಿಂದ ತಂದ ಪೆಟ್ಟಿಗೆಯನ್ನು ಇನ್ನೂ ಬಿಚ್ಚದವರೂ ಅನ್ಸಾರರು. ಮುಹಾಜಿರರ ಪಟ್ಟಿಯಲ್ಲಿ ಖಾಲಿದಾ ಒಬ್ಬಳೇ.

ಶನಿವಾರ ಮಧ್ಯಾಹ್ನ ನೋವು ಕಾಣಿಸಿಕೊಂಡಾಗ ಅವಳು ಶಾರೀಕರಿಗೆ ಫೋನು ಮಾಡಿದಳು. ಹಾಲಿನ ಗದ್ದಲವೆಲ್ಲ ಕಿವಿಗೆ ನುಗ್ಗಿತು.

“ಫಸ್ಟು ಸೈನಪ್ ಆಗಿದ್ದು ನಾವು ಬೆಂಗಳೂರಿನವ್ರು. ಖಾಲಿದಾ ನಮ್ಗೇ,” ಎನ್ನುತ್ತಿದ್ದರು ಶಾರೀಕ್.

“ಆಹಾ, ಹೋದ್ಸಲ ಇಫ್ತಾರಿನ ಪುಣ್ಯಾನೂ ನೀವೇ ಹೊಡ್ಕೊಂಡ್ರಿ. ಈ ಸಲ ಮೈಸೂರಿಗೆ ಬಿಡಿ ಭಾಯಿ,” ಇದು ಎದುರು ಪಂಗಡದ ಖುರ್ಷಿದರ ದನಿ. “ಇಲ್ಲಾಂದ್ರೆ ನಮ್ದೇ ಬೇರೆ ಐಕ್ಯತಾ ಕಮಿಟಿ!”

“ಭಾಯಿಜಾನ್, ನೋವು ಸುರು ಆಗೇತ್ರಿ. ಯಾರ್ ಬರ್ತೀರಿ?”

“ಐದೇ ನಿಮಿಷ ತಡಿಯಮ್ಮ, ವೋಟಿಂಗು ನಡೀತಿದೆ. ನೀನು ಯಾರ ತಂಗಿ ಅಂತ ಡಿಸೈಡಾಗ್ಲಿ.”

“ಹೊಟ್ಟ್ಯಾಗಿನ ಕೂಸಿಗೆ ವೋಟಿಂಗು ತಿಳಿಯಂಗಿಲ್ರಿ!”

ಆಂಬುಲೆನ್ಸು ಕರೆದರೆ ಬಂದೀತು. ಆದರೆ ಅದು ಪಕ್ಕದಲ್ಲಿ ಕೂತು ಕೈ ಹಿಡಿಯುವುದಿಲ್ಲ. ಗೋಡೆಗೆ ಒರಗಿ ಅವಳು ನೋವುಗಳ ನಡುವಿನ ನಿಮಿಷಗಳನ್ನು ಎಣಿಸತೊಡಗಿದಳು. ಅರ್ಧ ಗಂಟೆಯಲ್ಲಿ ಬಾಗಿಲು ಬಡಿದ ಸದ್ದಾಯಿತು. ಶಾರೀಕರ ಹೆಂಡತಿ ಲುಬ್ನಾ! ಹಾಲಿನಲ್ಲಿ ಚಹಾ ಬಗ್ಗಿಸುತ್ತಿದ್ದವಳು ಫೋನಿನ ಮಾತು ಕೇಳಿದ್ದೇ ಕೆಟಲನ್ನು ಅಲ್ಲೇ ಇಟ್ಟು, ಗಂಡನ ಕಾರಿನ ಕೀ ಎತ್ತಿಕೊಂಡು ಬಂದಿದ್ದಳು.

ಫ್ರೀವೇಯಲ್ಲಿ ಲುಬ್ನಾ ಒಂದೇ ಸಮ ಮಾತಾಡಿದಳು. “ನಾನೂ ಅನ್ಸಾರ್ ಅಂತ್ಲೇ ಬರ್ದೆ ಕಣೇ. ಕ್ಯುಪರ್ಟಿನೋಗೆ ಬಂದು ಹನ್ನೆರಡು ವರ್ಷ. ನನ್ನ ಎರಡು ಹೆರಿಗೇಲೂ ಪಕ್ಕದಲ್ಲಿ ಯಾರೂ ಇರ್ಲಿಲ್ಲ. ಇವ್ರು ಮೀಟಿಂಗಲ್ಲಿದ್ರು.”

“ಹಂಗಾರ ನೀವೂ ಮುಹಾಜಿರಾದ್ರಿ ಆಪಾ,” ಖಾಲಿದಾ ನೋವಿನಲ್ಲೂ ನಕ್ಕಳು. “ಇನ್ನ ಮ್ಯಾಲ ನಿಮ್ಗ ಅನ್ಸಾರ್ ನಾ. ಕಾರ್ ಹೊಡ್ಯಾಕ ಬರಂಗಿಲ್ಲ. ನಿಮ್ಗ ಜ್ವರ ಬಂದ್ರ ಬಸ್ಸಿನ್ಯಾಗ ಗಂಜಿ ತರ್ತೀನಿ.”

ಲುಬ್ನಾ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಕಣ್ಣೊರೆಸಿಕೊಂಡಳು.

ಸಂಜೆ ಅಸರ್ ನಮಾಜಿನ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಅಷ್ಟರಲ್ಲಿ ಎರಡಾಗಿದ್ದ ಐಕ್ಯತಾ ಕಮಿಟಿಗಳಿಂದ ಬೇರೆ ಬೇರೆ ಶುಭಾಶಯ ಬಂದವು. ಕೂಸು ಯಾರ ಪಟ್ಟಿಗೆ ಎಂಬ ವಿಚಾರಣೆಯೂ ಬಂತು. ಖಾಲಿದಾಳ ಮಂಚದ ಅಂಚಿನಲ್ಲಿ ಕೂತು ಲುಬ್ನಾ ಎಲ್ಲರ ವಾಟ್ಸಾಪ್ ಗುಂಪಿಗೆ ಬರೆದಳು: “ಕೂಸು ಬರಿಗೈಯಲ್ಲಿ ಬಂದಿದೆ, ಮುಹಾಜಿರ್. ನನ್ನ ಹೆಸರನ್ನೂ ಆ ಪಟ್ಟಿಗೇ ಹಾಕಿ.”

ಆಮೇಲೆ, “ನನ್ನದೂ” ಎಂದು ಒಬ್ಬರು ಬರೆದರು. ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಅನ್ಸಾರರು ನಲವತ್ತಕ್ಕೆ ಇಳಿದಿದ್ದರು. ಶಾರೀಕರು, ಕಾರಿಲ್ಲದೆ, ಖುರ್ಷಿದರ ಕಾರಿನಲ್ಲಿ ಆಸ್ಪತ್ರೆಗೆ ಬಂದರು.

ಕೊಡುವ ಕೈಗೂ, ಬೇಕೆಂದು ಹೇಳಬಲ್ಲ ನಾಲಿಗೆಗೂ, ಇದನ್ನು ಕೇಳಿದ ಪ್ರತಿಯೊಬ್ಬರಿಗೂ ಅಲ್ಲಾಹನು ಕರೆದಾಗ ಬರುವ ಒಂದು ಜೀವವನ್ನು ಕರುಣಿಸಲಿ. ಆಮೀನ್.