ಕಚ್ಚಿಟ್ಟ ರೊಟ್ಟಿ

ತಂದೂರಿನ ಒಳಗೋಡೆಗೆ ರೊಟ್ಟಿ ಬಡಿಯುತ್ತಿದ್ದೆ. ಕಾವಲಿನ ಬಾರ್ಸ್ ಅಂಗಳಕ್ಕೆ ಬಂದ. ದಿನವೂ ಬಾಗಿಲಾಚೆಯೇ ನಿಂತು, "ಸೀದಿದ್ದು ನಂಗಿರ್ಲಿ ಅಕ್ಕಾ, ನನ್ ಹೆಂಡ್ತಿ ಅದನ್ನೇ ರೂಢಿ ಮಾಡ್ಸಿದಾಳೆ" ಎಂದು ನಗಿಸುವವನು ಇಂದು ಹೊಸಿಲು ದಾಟಿದ. ನಗಿಸಲಿಲ್ಲ.

"ಗೋಡೆ ಮೇಲಿರೋ ರೊಟ್ಟಿ ಇಳಿಸ್ಕೊಡಿ ಅಕ್ಕಾ. ಖಾನರ ಅಪ್ಪಣೆ."

ನನ್ನ ಗಂಡ ಅಮೀರ್ ಯಾಗ್ಮುರ್, ಜೈಹೂನ್ ನದಿಯಾಚೆಯ ಕೋಟೆ ಗೆಲ್ಲಲು ದಂಡು ಕಟ್ಟಿಕೊಂಡು ಹೊರಟ ದಿನ, ದೂರ ಹೋಗುವವರೆಲ್ಲ ಮಾಡುವಂತೆ ಒಂದು ತುಣುಕು ಕಚ್ಚಿ ಉಳಿದ ರೊಟ್ಟಿಯನ್ನು ಮನೆಯ ಗೋಡೆಗೆ ತೂಗುಹಾಕಿದ್ದರು. ಮರಳಿ ಬಂದು ಅವರೇ ಅದನ್ನು ತಿನ್ನಬೇಕು. ಅಲ್ಲಿಯವರೆಗೆ ಹೊರಗಿನವರು ಮುಟ್ಟುವಂತಿಲ್ಲ. ಅದೇ ಸಂಜೆ ಖಾನರು ನನ್ನನ್ನೂ ಮಗಳು ಐಬಾಲಾಳನ್ನೂ ಬುಖಾರಾದ ಈ ಕೋಟೆಯೊಳಕ್ಕೆ ಕರೆಸಿಕೊಂಡರು. ಅಮೀರರ ನಿಷ್ಠೆಗೆ ನಾವು ಒತ್ತೆ. ರೊಟ್ಟಿಯನ್ನು ಮಡಿಲಲ್ಲಿ ತಂದು ಇಲ್ಲಿಯ ಮೊಳೆಗೆ ಕಟ್ಟಿದ್ದೆ. ಅಂದಿನಿಂದ ನಮ್ಮ ಆಕಾಶ ಈ ಅಂಗಳದಷ್ಟೇ.

"ಯಾಕಪ್ಪಾ?" ಎಂದೆ.

"ಗೆದ್ದ ಕೋಟೆ ಮಸೀದೀಲಿ ಶುಕ್ರವಾರದ ಪ್ರಾರ್ಥನೇಲಿ ಖಾನರ ಹೆಸರು ಬಿಟ್ಟು ತಮ್ಮ ಹೆಸರು ಓದಿಸಿದಾರಂತೆ ಅಮೀರರು. ಅಂದ್ರೆ ಇನ್ನು ತಾವೇ ದೊರೆ ಅಂತ ಸಾರಿದ ಹಾಗೆ. ಈ ರೊಟ್ಟಿ ಅವರಿಗೆ ಕಳಿಸ್ತಾರೆ. ಅದನ್ನ ನೋಡಿ, ನೀವಿಲ್ಲಿರೋದು ನೆನೆದು, ತಪ್ಪಾಯ್ತು ಅಂತ ವಾಪಸ್ ಬಂದ್ರೆ ಸರಿ."

"ಬರದಿದ್ರೆ?"

ಅವನು ಐಬಾಲಾಳ ಕಡೆ ನೋಡಿ ಕಣ್ಣು ತಪ್ಪಿಸಿದ. "ನಾನೂ ಅವರ ಕೈಕೆಳಗೆ ಕಾದಿದೋನು ಅಕ್ಕಾ. ಅಂಥ ದಂಡನಾಯಕ ಇನ್ನು ಹುಟ್ಟಲ್ಲ. ಪೇಟೇಲಿ ಆಗ್ಲೇ ಅವರ ಮೇಲೆ ಹಾಡು ಕಟ್ಟಿದಾರೆ, ಕದ್ದು ಹಾಡ್ತಾರೆ."

"ಹಾಡಲ್ಲಿ ನಾವಿದೀವಾ ಬಾರ್ಸ್?"

ಅವನು ರೊಟ್ಟಿಯತ್ತ ಕೈ ಚಾಚಿದ.

ಐಬಾಲಾ ಓಡಿಹೋಗಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಮುಟ್ಬೇಡ ಮಾಮಾ! ಅಪ್ಪ ಬಂದೇ ಇಳಿಸ್ಬೇಕು."

ಬೆಳಿಗ್ಗೆ ಎದ್ದ ಕೂಡಲೇ ಮಣೆ ಹತ್ತಿ, ಅಪ್ಪನ ಹಲ್ಲಿನ ಗುರುತಿನ ಮೇಲೆ ಹೆಬ್ಬೆರಳಿಟ್ಟು ನೋಡುವುದು ಅವಳ ರೂಢಿ. ಅವಳನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡೆ. ಬೇರೆಯವರ ಕೈ ಬೀಳುವುದು ಬೇಡವೆಂದು ನಾನೇ ಇಳಿಸಿದೆ. ಕಲ್ಲಿನಂತಾಗಿತ್ತು. ಅವಳ ತಲೆವಸ್ತ್ರ ಬಿಚ್ಚಿ ಅದರಲ್ಲೇ ಸುತ್ತಿದೆ. ವಸ್ತ್ರ ಅಮೀರರಿಗೆ ಗುರುತು ಸಿಗಬೇಕು, ಅವರೇ ತಂದುಕೊಟ್ಟಿದ್ದು.

ಬಾರ್ಸ್ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದ. ಹೊರಗಿನಿಂದ ಅಗುಳಿ ಬಿತ್ತು. ತಂದೂರಿನಲ್ಲಿ ರೊಟ್ಟಿ ಸೀದು ವಾಸನೆ ಅಂಗಳ ತುಂಬಿತ್ತು. ಕೆಳಗಿಳಿಸಲು ಹೋದರೆ ಮಗಳು ಕುತ್ತಿಗೆ ಬಿಡಲಿಲ್ಲ. ಬರಿದಾದ ಮೊಳೆಯನ್ನೇ ನೋಡುತ್ತಿದ್ದಳು. ಇಷ್ಟು ದಿನ ನಾನು ನನ್ನೊಳಗೇ ಅದುಮಿಟ್ಟಿದ್ದನ್ನು ಅವಳು ಗಟ್ಟಿಯಾಗಿ ಕೇಳಿದಳು:

"ಅಮ್ಮಾ, ತನ್ನ ಹೆಸರು ಓದಿಸೋವಾಗ, ನಾವು ಇಲ್ಲಿದೀವಿ ಅಂತ ಅಪ್ಪಂಗೆ ನೆನಪಿತ್ತಾ?"