ಇಪ್ಪತ್ತೆಂಟು ಕೈ

"ಕಾಲ್ ಮಡ್ಚಿ, ನಿಧಾನ. ಭುಜ ಒತ್ತಬ್ಯಾಡಿ, ಸಡ್ಲ ಬುಡಿ," ಎಂದ ಶಿಷ್ಯ ಲಿಂಗಯ್ಯ. ಅಂದವನೇ ನಾಲಗೆ ಕಚ್ಚಿಕೊಂಡ. ಈಜಿನ ಮೇಷ್ಟ್ರು ಹೊಳೆಯಲ್ಲಿ ದಿನಾ ಹೇಳುತ್ತಿದ್ದ ಮಾತು ಅದೇ.

ನಾಲ್ವರು ಸೇರಿ ಮೇಷ್ಟ್ರು ಚನ್ನಬಸವಣ್ಣನವರ ದೇಹವನ್ನು ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸಿದರು. ಹುಣಸೂರಿನ ಮಕ್ಕಳನ್ನು ನೀರಿನ ಮೇಲೆ ಚಪ್ಪಟೆಯಾಗಿ ಮಲಗಿಸಲು ಹದಿನೈದು ವರ್ಷ ಹೆಣಗಿದ ಮನುಷ್ಯ ಈಗ ನೆಟ್ಟಗೆ ಕೂತು ಮಣ್ಣಿಗೆ ಹೊರಟಿದ್ದರು. ಲಿಂಗವಂತರ ಪದ್ಧತಿ, ಅವರನ್ನು ಕೇಳಿದವರು ಯಾರು?

ಬೆಳಗಿನ ಜಾವ ಎದೆನೋವು ಬಂದು ಹೋಗಿಬಿಟ್ಟಿದ್ದರು. ಇವತ್ತು ಶುಕ್ರವಾರ. ಭಾನುವಾರ ಮೈಸೂರಿನಲ್ಲಿ ಈಜು ಪಂದ್ಯ. ಅವರ ಒಬ್ಬಳೇ ಮಗಳು, ಹದಿನೈದರ ನೀಲಾಂಬಿಕೆ, ಅಲ್ಲಿ ಈಜಬೇಕಿತ್ತು. ಈ ಊರಿನಿಂದ ಹೆಣ್ಣುಮಗಳೊಬ್ಬಳು ಹೋಗುವುದು ಅದೇ ಮೊದಲು.

"ಅದೆಲ್ಲ ಇನ್ನು ಮುಗೀತು," ಎಂದರು ಮಿರ್ಲೆಯಿಂದ ಬಂದಿದ್ದ ಅವಳ ಸೋದರಮಾವ ವೀರಭದ್ರಸ್ವಾಮಿ.

"ನಮ್ಗೆ ಸೂತಕ ಇಲ್ಲ ಕಣ್ರೀ," ಎಂದರು ವಿಭೂತಿ ಹಚ್ಚುತ್ತಿದ್ದ ಅಯ್ನೋರು. "ಮಗು ಓಗ್ಬೋದು."

"ಸೂತಕದ್ ಮಾತಲ್ಲ ಬುದ್ಧಿ. ಜನ ನೋಡ್ತಾರೆ. ಅಪ್ಪ ದಡದಲ್ಲಿ ನಿಂತಿದ್ರೆ ಅದು ಬ್ಯಾರೆ. ನೀರಿನ್ ಇಚಾರ ಗೊತ್ತಿರೋರು ಈ ಮನೇಲಿ ಇನ್ಯಾರವ್ರೆ?"

ನೀಲಾಂಬಿಕೆ ಅಪ್ಪನ ಪಾದವನ್ನೇ ನೋಡುತ್ತ ಕೂತಳು. ತಾಯಿ ಪ್ರೇಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

*

ಚನ್ನಬಸವಣ್ಣ ಹೊಗೆಸೊಪ್ಪಿನ ಮಂಡಿಯಲ್ಲಿ ಎಲೆ ವಿಂಗಡಿಸುತ್ತಿದ್ದವರು. ಹುಟ್ಟಿದ್ದು ಹಂಪಾಪುರದಲ್ಲಿ. ಮೂವತ್ತು ತುಂಬುವ ತನಕ ನೀರು ಕಂಡರೆ ನಡುಕ. ಹರಿಗೋಲು ಮಗುಚಿ, ಯಾರೋ ಕೂದಲು ಹಿಡಿದು ದಡಕ್ಕೆಳೆದ ಮೇಲೆ ನಾಚಿಕೆಯಾಗಿ ಕಲಿತರು. ಗುರು ಯಾರೆಂದರೆ "ಎಮ್ಮೆ" ಎನ್ನುತ್ತಿದ್ದರು. "ಅದು ನೀರ್ ಜೊತೆ ಜಗಳ ಆಡಕಿಲ್ಲ ನೋಡ್ಲಾ. ಮೂಗು ಮೇಲಿಟ್ಟು ಮೈ ಬುಟ್ಬುಡ್ತದೆ."

ಕಲಿಸುವ ರೀತಿಯೂ ಅಷ್ಟೇ ವಿಚಿತ್ರ. ಮೊದಲ ತಿಂಗಳು ಹೊಳೆಗೆ ಇಳಿಸುತ್ತಲೇ ಇರಲಿಲ್ಲ. ಬೆಂಚಿನ ಮೇಲೆ ಬೋರಲು ಮಲಗಿ ಕೈ ಬೀಸಬೇಕು. ಬೋಗುಣಿಯ ನೀರಿನಲ್ಲಿ ಮುಖ ಅದ್ದಿ ಉಸಿರು ಬಿಡಬೇಕು. ಊರು ನಗುತ್ತಿತ್ತು. ಐವತ್ತೊಂದನೇ ಇಸವಿಯಲ್ಲಿ ಲಿಂಗಯ್ಯ ಮೈಸೂರಿನಿಂದ ಬೆಳ್ಳಿ ಕಪ್ಪು ತಂದ, ಊರು ಬಾಯಿ ಮುಚ್ಚಿತು.

"ನೀರ್ಗ್ ಒಡೀಬ್ಯಾಡ ಕಣವ್ವ, ಇಡ್ಕೊ," ಎಂದು ಮಗಳಿಗೆ ಹೇಳುತ್ತಿದ್ದರು. ಲಕ್ಷ್ಮಣತೀರ್ಥ ಹೊಳೆಯ ಈ ದಡದಿಂದ ಆ ದಡಕ್ಕೆ ಮೊದಮೊದಲು ಅವಳು ಐವತ್ತು ಸಲ ಕೈ ಬೀಸಬೇಕಾಗುತ್ತಿತ್ತು, ಅವರ ಲೆಕ್ಕದಲ್ಲಿ ಐವತ್ತು ಕೈ. ಕೈ ಕಡಮೆಯಾದಷ್ಟೂ ಈಜು ಹಸನು ಎಂಬುದು ಅವರ ನಂಬಿಕೆ.

ಎರಡು ವರ್ಷದ ಹಿಂದೆ ಅವರ ಕಣ್ಣಿಗೆ ಪೊರೆ ಬಂತು. ಮೇಷ್ಟ್ರಿಗೆ ಕಾಣುವುದಿಲ್ಲ ಎಂದರೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಮಗಳ ಕಾವಲಿಗೆಂದು ಗೊಣಗುತ್ತ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದ ಪ್ರೇಮಮ್ಮನ ಪಕ್ಕಕ್ಕೆ ಜರುಗಿ, ಯಾರಿಗೂ ಕೇಳದಂತೆ, "ಎಷ್ಟ್ ಕೈ ಆಯ್ತು? ಎಡಗೈ ಎಂಗೈತೆ?" ಎನ್ನುತ್ತಿದ್ದರು.

*

ಸೂತಕವಿಲ್ಲದಿದ್ದರೂ ಮಣ್ಣು ಹಾಕಿ ಬಂದವರು ಹೊಳೆಗೆ ಇಳಿಯಲೇಬೇಕು. ನೀಲಾಂಬಿಕೆ ಒಂದು ಮುಳುಗು ಹಾಕಿದಳು. ಮೇಲೆದ್ದವಳು ಲಂಗವನ್ನು ಕಚ್ಚೆಯಂತೆ ಸಿಕ್ಕಿಸಿ ಆ ದಡದತ್ತ ಹೊರಟೇಬಿಟ್ಟಳು. ಅಳುತ್ತ, ನೀರನ್ನು ಬಡಿಯುತ್ತ ಹೋಗುತ್ತಿದ್ದಳು.

"ಕರಿಯೇ ಪ್ರೇಮ ಅವಳ್ನ!" ವೀರಭದ್ರಸ್ವಾಮಿ ಮೆಟ್ಟಿಲಿಳಿದು ಓಡಿ ಬಂದರು.

ಪ್ರೇಮಮ್ಮ ಕರೆಯಲಿಲ್ಲ. ಎದೆಮಟ್ಟದ ನೀರಿನಲ್ಲಿ ತುಟಿ ಅಲ್ಲಾಡಿಸುತ್ತ ನಿಂತಿದ್ದರು. ಮಗಳು ಆ ದಡ ಮುಟ್ಟಿದ ಮೇಲೆ ಕೂಗಿದರು:

"ಮೂವತ್ತೇಳು! ನಾಚ್ಕೆ ಆಗಕಿಲ್ವೇ ನೀಲ? ಮೊನ್ನೆ ಇಪ್ಪತ್ತೆಂಟು ಬಂದಿತ್ತು."

"ಲಂಗ ಅವ್ವಾ..."

"ಲಂಗದ್ ಮೇಲೆ ಆಕ್ಬ್ಯಾಡ. ಎಡಗೈ ನೀರ್ ಇಡೀದೆ ಜಾರ್ತಾದೆ. ಅಳೋದಿದ್ರೆ ಮುಖ ಒಳಗಿಟ್ಟು ಅಳು, ಉಸ್ರಾದ್ರೂ ಆಚ್ಗೆ ಓಯ್ತದೆ. ಬಾ, ಇನ್ನೊಂದ್ ಸಲ."

ವೀರಭದ್ರಸ್ವಾಮಿ ತಂಗಿಯನ್ನು ಹೊಸಬಳೆಂಬಂತೆ ನೋಡಿದರು. "ನಿಂಗ್ಯಾರ್ ಯೋಳ್ಕೊಟ್ರು ಇದ್ನೆಲ್ಲ?"

"ಎರಡ್ ವರ್ಸದಿಂದ ನಿಮ್ ಭಾವಂಗೆ ಕಣ್ಣು ನಾನೇ ಅಣ್ಣ. ಭಾನುವಾರ ನಾನೇ ಕರ್ಕೊಂಡ್ ಓಯ್ತೀನಿ."

ಮೇಲೆ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ನಾಲ್ಕು ಜನ ಬಗ್ಗಿ ನೋಡುತ್ತಿದ್ದರು. ವೀರಭದ್ರಸ್ವಾಮಿ ಮೆಟ್ಟಿಲ ಮೇಲಿದ್ದ ತಂಗಿಯ ಒಣಸೀರೆ ಎತ್ತಿಕೊಂಡರು. ಎರಡೂ ಕೈ ಅಗಲಿಸಿ ಅದನ್ನು ರಸ್ತೆಗೆ ಅಡ್ಡ ಹಿಡಿದು, ಹೊಳೆಗೆ ಬೆನ್ನು ಮಾಡಿ ನಿಂತರು.

"ಏನ್ ನೋಡ್ತಿದ್ದೀರ್ಲಾ? ಒಡೀರಿ ಗಾಡಿನ!"

ಬೆನ್ನ ಹಿಂದೆ "ಮೂವತ್ತೊಂದು" ಎಂದು ಕೇಳಿಸಿತು. "ಇನ್ನೊಂದ್ ಸಲ" ಎಂದೂ ಕೇಳಿಸಿತು. ತೋಳು ನೋಯುತ್ತಿದ್ದರೂ ಅವರು ಸೀರೆ ಇಳಿಸಲಿಲ್ಲ.